ಕಿವಿ ಕೈಕೊಟ್ಟಾಗ ಶಾರೀರ: ಮಂಗೋಲಿಯಾದ ಇಬ್ಬರು ಆಪೆರಾ ಗಾಯಕರ ಪ್ರಕರಣ

2015ರ ಜೂನ್ ತಿಂಗಳ ಉತ್ತರಾರ್ಧದಲ್ಲಿ ಯುರೋಪಿನ ಎರಡು ತುದಿಗಳಲ್ಲಿ ಎರಡು ದೊಡ್ಡ ಗಾಯನ ಸ್ಪರ್ಧೆಗಳು ಹೆಚ್ಚುಕಡಿಮೆ ಒಟ್ಟಿಗೇ ನಡೆದವು. ವೇಲ್ಸ್‌ನ ರಾಜಧಾನಿ ಕಾರ್ಡಿಫ್‌ನಲ್ಲಿ ಬಿಬಿಸಿ ಎರಡು ವರ್ಷಕ್ಕೊಮ್ಮೆ ನಡೆಸುತ್ತಿದ್ದ ಸ್ಪರ್ಧೆಯಲ್ಲಿ, ಜೋನ್ ಸದರ್‌ಲ್ಯಾಂಡ್ ಅವರ ಹೆಸರಿನಲ್ಲಿ ಕೊಡುವ ಶ್ರೋತೃಗಳ ಬಹುಮಾನವನ್ನು ಮಂಗೋಲಿಯಾದ ಬ್ಯಾರಿಟೋನ್ (ಗಂಡಸರ ನಡುಮಟ್ಟದ ದನಿಯ) ಗಾಯಕ ಅಮರ್ತುವ್‌ಶಿನ್ ಎಂಖ್‌ಬಾತ್ ಗೆದ್ದುಕೊಂಡರು. ಅದರ ಬೆನ್ನಿಗೇ ರಷ್ಯಾದ ಹದಿನೈದನೆಯ ಚೈಕಾವ್‌ಸ್ಕಿ ಸ್ಪರ್ಧೆಯಲ್ಲಿ ಅದೇ ದೇಶದ ಇನ್ನೊಬ್ಬ ಬ್ಯಾರಿಟೋನ್, ಅರಿಯುನ್‌ಬಾತರ್ ಗನ್‌ಬಾತರ್, ಪುರುಷರ ವಿಭಾಗದ ಮೊದಲ ಬಹುಮಾನವನ್ನಷ್ಟೇ ಅಲ್ಲ, ಎಲ್ಲ ವಿಭಾಗಗಳ ವಿಜೇತರ ನಡುವೆ ಒಬ್ಬರಿಗೆ ಸಲ್ಲುವ ಗ್ರ್ಯಾಂಡ್ ಪ್ರಿಯನ್ನೂ ಪಡೆದರು. ಆಗ ಮಂಗೋಲಿಯಾದ ಒಟ್ಟು ಜನಸಂಖ್ಯೆ ಸುಮಾರು 30 ಲಕ್ಷ; ನಮ್ಮ ದೊಡ್ಡ ಜಿಲ್ಲೆಯೊಂದರಷ್ಟು.

ಇದು ಒಂದು ವರ್ಷದ ಅದೃಷ್ಟವಾಗಿರಲಿಲ್ಲ. ಅಮರ್ತುವ್‌ಶಿನ್ 2011ರಲ್ಲೇ ಚೈಕಾವ್‌ಸ್ಕಿ ಸ್ಪರ್ಧೆಯಲ್ಲಿ ಎರಡನೆಯ ಸ್ಥಾನ ಪಡೆದಿದ್ದರು. ಅರಿಯುನ್‌ಬಾತರ್ 2017ರಲ್ಲಿ ಕಾರ್ಡಿಫ್‌ಗೆ ಹೋಗಿ, ಅಲ್ಲಿಯ ಗೀತಗಾಯನದ ಬಹುಮಾನವನ್ನು ಸ್ಕಾಟ್ಲೆಂಡಿನ ಕ್ಯಾಟ್ರಿಯೋನಾ ಮಾರಿಸನ್ ಅವರೊಂದಿಗೆ ಹಂಚಿಕೊಂಡರು. ಮಂಗೋಲರಲ್ಲಿ ಮನೆತನದ ಅಡ್ಡಹೆಸರಿನ ಬದಲು ತಂದೆಯ ಹೆಸರನ್ನು ಜೋಡಿಸಿಕೊಳ್ಳುವ ರೂಢಿಯಿದೆ. ನಮ್ಮ ಇನಿಷಿಯಲ್‌ಗಳ ಹಾಗೆಯೇ ಎಂಖ್‌ಬಾತ್, ಗನ್‌ಬಾತರ್ ಎಂಬುವು ತಂದೆಯರ ಹೆಸರುಗಳಾದ್ದರಿಂದ, ಈ ಬರಹದುದ್ದಕ್ಕೂ ಗಾಯಕರನ್ನು ಅವರ ಸ್ವಂತ ಹೆಸರಿನಿಂದಲೇ ಕರೆಯುತ್ತೇನೆ.

ಈ ಪ್ರಕರಣವನ್ನು ನಾನು ಆರಿಸಿಕೊಂಡದ್ದು ಗೆಲುವುಗಳ ಪಟ್ಟಿಗಾಗಿ ಅಲ್ಲ. ನಾಟಕವನ್ನು ಹಾಡಿನಲ್ಲೇ ನಡೆಸುವ ಆಪೆರಾ ಹುಟ್ಟಿದ್ದು ಇಟಲಿಯ ಅರಮನೆಗಳಲ್ಲಿ. ಬೆಳೆದದ್ದು ಗೋಡೆ, ಚಾವಣಿ, ಮರದ ಹಲಗೆಗಳು ಧ್ವನಿಯನ್ನು ಎತ್ತಿ ಹಿಡಿಯುವ ರಂಗಮಂದಿರಗಳಲ್ಲಿ. ಮಂಗೋಲಿಯಾದ ಹಾಡು ಬೆಳೆದದ್ದು ಗೋಡೆಯೇ ಇಲ್ಲದ ಹುಲ್ಲುಬಯಲಿನಲ್ಲಿ. ಇಷ್ಟು ದೂರದ ಎರಡು ಲೋಕಗಳ ನಡುವೆ ಒಂದು ಕಂಠ ಹೇಗೆ ಇಷ್ಟು ಸಲೀಸಾಗಿ ದಾಟುತ್ತದೆ ಎಂಬ ಪ್ರಶ್ನೆಗೆ ಥಟ್ಟನೆ ಬಾಯಿಗೆ ಬರುವ ಉತ್ತರವೊಂದಿದೆ: ಅವರ ಗಂಟಲೇ ಅಂಥದ್ದು, ಚಳಿ, ಕುದುರೆ ಸವಾರಿ, ಮಾಂಸಾಹಾರ, ಅಗಲವಾದ ಎದೆ. ಈ ಉತ್ತರ ನನಗೆ ಒಪ್ಪಿಗೆಯಲ್ಲ. ಅದು ಗಾಯಕರ ಹತ್ತಾರು ವರ್ಷಗಳ ದುಡಿಮೆಯನ್ನು ಹುಟ್ಟಿನ ಖಾತೆಗೆ ಬರೆದುಬಿಡುತ್ತದೆ. ಹಾಡುವವರ ಮಿದುಳಿನ ಬಗ್ಗೆ ಕಳೆದ ಎರಡು ದಶಕಗಳಲ್ಲಿ ನಡೆದ ಸಂಶೋಧನೆ ಇದಕ್ಕಿಂತ ಹೆಚ್ಚು ಗೌರವಯುತವಾದ, ಹೆಚ್ಚು ನಿಖರವಾದ ಒಂದು ದಾರಿಯನ್ನು ತೋರಿಸುತ್ತದೆ. ಆ ದಾರಿಯ ಸುಳಿವು ಕನ್ನಡದ ಒಂದು ಪದದಲ್ಲೇ ಇದೆ. ಹಾಡುವ ದನಿಯನ್ನು ನಾವು ‘ಶಾರೀರ’ ಎನ್ನುತ್ತೇವೆ. ಶರೀರಕ್ಕೆ ಸೇರಿದ್ದು ಎಂದೇ ಅದರ ಅರ್ಥ.

ಮೊದಲು ಸಂಸ್ಥೆಗಳ ಮಾತನ್ನು ಮುಗಿಸಿಬಿಡುತ್ತೇನೆ, ಏಕೆಂದರೆ ಅದಿಲ್ಲದೆ ಉಳಿದದ್ದೆಲ್ಲ ಗಾಳಿಮಾತಾಗುತ್ತದೆ. ಮಂಗೋಲಿಯಾದಲ್ಲಿ ಆಪೆರಾ ಆಕಸ್ಮಿಕವಾಗಿ ಬೆಳೆದ ಬೆಳೆಯಲ್ಲ. ಕವಿ ದಾಶ್‌ದೋರ್ಜಿನ್ ನತ್ಸಗ್‌ದೋರ್ಜ್ 1930ರ ದಶಕದಲ್ಲಿ ಬರೆದ ‘ಉಚಿರ್ತಾಯ್ ಗುರ್ವನ್ ತೊಲ್ಗೋಯ್’ ಎಂಬ ದುರಂತ ಪ್ರೇಮದ ಸಂಗೀತ ನಾಟಕವನ್ನು ಮುಂದೆ ಬಿ. ದಾಮ್‌ದಿನ್‌ಸುರೆನ್ ಮತ್ತು ರಷ್ಯಾದ ಬಿ. ಎಫ್. ಸ್ಮಿರ್ನೋವ್ ಆಪೆರಾ ಆಗಿ ರೂಪಿಸಿದರು. ಅದು ಇವತ್ತಿಗೂ ದೇಶದ ಅತ್ಯಂತ ಪ್ರಿಯವಾದ ಆಪೆರಾ. ಉಲಾನ್‌ಬಾತರ್‌ನ ಸುಖ್‌ಬಾತರ್ ಚೌಕದ ಬದಿಯಲ್ಲಿ ನಸುಗೆಂಪು ಬಣ್ಣದ ಕಂಬಗಳ ಕಟ್ಟಡವೊಂದಿದೆ; ಎರಡನೆಯ ಮಹಾಯುದ್ಧದ ಬಳಿಕ ಅದರ ನಿರ್ಮಾಣದಲ್ಲಿ ಜಪಾನಿ ಯುದ್ಧ ಕೈದಿಗಳನ್ನು ದುಡಿಸಲಾಗಿತ್ತು. ರಾಷ್ಟ್ರೀಯ ಆಪೆರಾ ಮತ್ತು ಬ್ಯಾಲೆ ರಂಗಮಂದಿರ 1963ರಲ್ಲಿ ಸ್ವತಂತ್ರ ಸಂಸ್ಥೆಯಾಗಿ ಕೆಲಸ ಶುರುಮಾಡಿತು. ಸೋವಿಯತ್ ಕಾಲದಲ್ಲಿ ಇಲ್ಲಿಯ ಯುವ ಗಾಯಕರು ರಷ್ಯಾ ಮತ್ತು ಪೂರ್ವ ಯುರೋಪಿನ ಸಂಗೀತ ಶಾಲೆಗಳಿಗೆ ಹೋಗಿ ಕಲಿತು ಬಂದರು. ಬಂದವರು ತಾವೇ ಗುರುಗಳಾದರು. 1986ರಲ್ಲಿ ಪೂರ್ವದ ಸುಖ್‌ಬಾತರ್ ಪ್ರಾಂತದಲ್ಲಿ ಹುಟ್ಟಿದ ಅಮರ್ತುವ್‌ಶಿನ್ ಉಲಾನ್‌ಬಾತರ್‌ನಲ್ಲಿಯೇ ಕಲಿತು ಆ ರಂಗಮಂದಿರದ ಗಾಯಕರಾದವರು. ಅರಿಯುನ್‌ಬಾತರ್ ಗಡಿಯಾಚೆಗಿನ ಬುರ್ಯಾತ್ ಗಣರಾಜ್ಯದ ಉಲಾನ್-ಉದೆ ಆಪೆರಾದಲ್ಲಿ ಹಾಡಿದರು. ಅಂದರೆ ಇಬ್ಬರ ಬೆನ್ನ ಹಿಂದೆಯೂ ಶಿಸ್ತಿನ, ಸರ್ಕಾರದ ಹಣದಿಂದ ನಡೆದ ಗುರುಪರಂಪರೆಯಿದೆ. ಬರಿಯ ಬಯಲು ಯಾರನ್ನೂ ಆಪೆರಾ ಗಾಯಕರನ್ನಾಗಿ ಮಾಡುವುದಿಲ್ಲ.

ಆದರೂ ಬಯಲನ್ನು ಪೂರ್ತಿ ಮರೆಯಲಾಗದು. ಮಂಗೋಲರ ‘ಉರ್ತಿನ್ ದೂ’, ಅಂದರೆ ದೀರ್ಘಗೀತೆ, ಮದುವೆಯಲ್ಲಿ, ಹೊಸ ಮನೆ ಹೂಡುವಾಗ, ಮಗು ಹುಟ್ಟಿದಾಗ, ಕುದುರೆಮರಿಗಳಿಗೆ ಮುದ್ರೆ ಒತ್ತುವಾಗ ಹಾಡುವ ಹಾಡು. ಯುನೆಸ್ಕೊ ಅದನ್ನು 2005ರಲ್ಲಿ ಮಾನವ ಪರಂಪರೆಯ ಮೇರುಕೃತಿಗಳಲ್ಲಿ ಒಂದೆಂದು ಸಾರಿತು, 2008ರಲ್ಲಿ ತನ್ನ ಪಟ್ಟಿಗೆ ಸೇರಿಸಿತು. ಹೆಸರಿನ ದೀರ್ಘ ಎಂಬುದು ಹಾಡಿನ ಉದ್ದವನ್ನಲ್ಲ, ಅಕ್ಷರದ ಉದ್ದವನ್ನು ಹೇಳುತ್ತದೆ. ನಾಲ್ಕು ನಿಮಿಷದ ಹಾಡಿನಲ್ಲಿ ಹತ್ತೇ ಪದಗಳಿರಬಹುದು. ಒಂದು ಸ್ವರಾಕ್ಷರ ತಗ್ಗಿನಲ್ಲಿ ಶುರುವಾಗಿ, ಗಂಟಲನ್ನು ಬಗ್ಗಿಸುವಂಥ ‘ನುಗಲಾ’ ಎಂಬ ಕಂಪನಗಳಲ್ಲಿ ಮುರಿದು ಮುರಿದು ಮೇಲೇರಿ, ಎದೆಯ ದನಿಯಿಂದ ತಲೆಯ ದನಿಗೆ ದಾಟಿ, ಉಸಿರು ಮುಗಿಯುವ ಅಂಚಿನಲ್ಲಿ ತೆಳ್ಳಗಾಗಿ ನಿಲ್ಲುತ್ತದೆ. 1931ರಲ್ಲಿ ಹುಟ್ಟಿ 2002ರಲ್ಲಿ ತೀರಿಕೊಂಡ ನಮ್‌ಜಿಲಿನ್ ನೊರೊವ್‌ಬಂಜಾದ್ ಈ ಪ್ರಕಾರದ ಮಹಾಗಾಯಕಿ. ಅವರ ಧ್ವನಿಮುದ್ರಿಕೆಯನ್ನು ಕೇಳುವಾಗ ನನಗೆ ಪ್ರತಿ ಸಲವೂ ಬೆರಗಾಗುವುದು ಅವರ ಎತ್ತರದ ಸ್ವರಕ್ಕಲ್ಲ, ಆ ಎತ್ತರಕ್ಕೆ ಹೋಗುವ ದಾರಿಯಲ್ಲಿ ಒಂದು ಮೆಟ್ಟಿಲೂ ತಪ್ಪದ ಕಾಲಿಡುವಿಕೆಗೆ.

ಈ ಹಾಡನ್ನು ಎಲ್ಲಿ ನಿಂತು ಹಾಡಲಾಗುತ್ತಿತ್ತು ಎಂಬುದನ್ನು ಭೌತವಿಜ್ಞಾನದ ಕಣ್ಣಿನಿಂದ ನೋಡೋಣ. ತೆರೆದ ಬಯಲಿನಲ್ಲಿ ದೂರ ಇಮ್ಮಡಿಯಾದಂತೆಲ್ಲ ದನಿಯ ಮಟ್ಟ 6 ಡೆಸಿಬೆಲ್‌ನಷ್ಟು ಇಳಿಯುತ್ತದೆ. ಅದನ್ನು ಹಿಂದಕ್ಕೆ ಕಳಿಸುವ ಮೇಲ್ಮೈಗಳು ಸುತ್ತಲೂ ಇರುವುದಿಲ್ಲ. ಕಲ್ಲಿನ ಮಂಟಪದಲ್ಲಿ ಒಂದು ‘ಸ’ ಹಿಡಿದವರಿಗೆ ಗೊತ್ತು, ಕಂಬಗಳು ಆ ಷಡ್ಜವನ್ನು ಹೇಗೆ ಮರಳಿಸಿ ಕೈಗೆ ಕೊಡುತ್ತವೆ ಎಂದು. ಹುಲ್ಲುಬಯಲು ಏನನ್ನೂ ಮರಳಿಸುವುದಿಲ್ಲ. ಅಲೆಮಾರಿಗಳ ‘ಗೆರ್’ ಎಂಬ ದುಂಡನೆಯ ಮನೆಯೂ ಉಣ್ಣೆಯ ದಪ್ಪ ಹೊದಿಕೆಯದ್ದು. ಉಣ್ಣೆ ದನಿಯನ್ನು, ಅದರಲ್ಲೂ ಎತ್ತರದ ಕಂಪನಗಳನ್ನು, ಹೀರಿಕೊಳ್ಳುತ್ತದೆ. ಹೊರಗೂ ಒಳಗೂ ಹಾಡುಗಾರ್ತಿಯ ದನಿ ಅವಳಿಗೆ ಗೋಡೆಯಿಂದ ಮರಳಿ ಬರುವುದಿಲ್ಲ. ಹಾಗಾದರೆ ಅವಳು ತನ್ನ ಶ್ರುತಿಯನ್ನು ಯಾವುದರಿಂದ ತಿಳಿಯುತ್ತಾಳೆ? ನನ್ನ ಪ್ರಕಾರ ಈ ಪ್ರಕರಣದ ನಟ್ಟನಡುವಿನ ಪ್ರಶ್ನೆ ಇದೇ, ಮತ್ತು ಆಪೆರಾ ರಂಗದ ಮೇಲೆ ನಿಂತವರ ಪ್ರಶ್ನೆಯೂ ಇದೇ.

ಆಪೆರಾದಲ್ಲಿ ಗೋಡೆಗಳಿವೆ ನಿಜ, ಆದರೆ ಗಾಯಕನ ಮುಂದೆ ಅರವತ್ತು ಎಪ್ಪತ್ತು ವಾದ್ಯಗಳ ತಂಡವೂ ಇದೆ, ಮೈಕ್ ಇಲ್ಲ. ಸ್ವೀಡನ್ನಿನ ಧ್ವನಿವಿಜ್ಞಾನಿ ಯೋಹಾನ್ ಸುಂಡ್‌ಬೆರಿ 1970ರ ದಶಕದಲ್ಲಿ ತೋರಿಸಿಕೊಟ್ಟ ಸಂಗತಿ ಈಗ ಹಾಡುಗಾರಿಕೆಯ ಪಾಠದ ಮೊದಲ ಅಧ್ಯಾಯವಾಗಿದೆ. ವಾದ್ಯವೃಂದದ ಶಕ್ತಿ ಸುಮಾರು 500 ಹರ್ಟ್ಸ್ ಆಸುಪಾಸಿನಲ್ಲಿ ಗರಿಷ್ಠವಾಗಿದ್ದು, ಅಲ್ಲಿಂದ ಮೇಲೆ ಇಳಿಯುತ್ತಾ ಹೋಗುತ್ತದೆ. ಪಳಗಿದ ಪುರುಷ ಗಾಯಕ ತನ್ನ ಗಂಟಲಿನ ಕೊಳವೆಯನ್ನು ಹೊಂದಿಸಿಕೊಂಡು, ಅದರ ಮೂರು, ನಾಲ್ಕು, ಐದನೆಯ ಅನುರಣನಗಳನ್ನು (ಕೊಳವೆ ತಾನಾಗಿ ಬಲಪಡಿಸುವ ಕಂಪನಗಳನ್ನು) ಒತ್ತಟ್ಟಿಗೆ ತಂದು, 3000 ಹರ್ಟ್ಸ್ ಸುತ್ತಮುತ್ತ ಒಂದು ಶಿಖರವನ್ನು ಕಟ್ಟುತ್ತಾನೆ. ವಾದ್ಯಗಳು ದುರ್ಬಲವಾಗಿರುವ ಆ ಕಿಂಡಿಯಲ್ಲಿ ಅವನ ದನಿ ತೂರಿಕೊಂಡು ಕೊನೆಯ ಸಾಲಿನವರೆಗೆ ಹೋಗುತ್ತದೆ. ಮನುಷ್ಯನ ಕಿವಿ ಅತ್ಯಂತ ಚುರುಕಾಗಿರುವುದೂ ಆ ವಲಯದಲ್ಲೇ. ಇದನ್ನು ‘ಗಾಯಕನ ಫಾರ್ಮೆಂಟ್’ ಎನ್ನುತ್ತಾರೆ.

ಇಲ್ಲೊಂದು ಸೂಕ್ಷ್ಮವಿದೆ, ಅದನ್ನು ಗಮನಿಸದೆ ದಾಟಿಹೋಗುವವರೇ ಹೆಚ್ಚು. ತಗ್ಗಿನ ಕಂಪನಗಳು ಬಾಯಿಂದ ಹೊರಟು ತಲೆಯನ್ನು ಬಳಸಿ ಕಿವಿಗೆ ಬರುತ್ತವೆ. ಎತ್ತರದ ಕಂಪನಗಳು ನೇರ ಮುಂದಕ್ಕೆ ಹೋಗುತ್ತವೆ. ಅಂದರೆ ಕೇಳುಗರನ್ನು ತಲುಪುವ ಆ 3000 ಹರ್ಟ್ಸ್‌ನ ಹೊಳಪು ಗಾಯಕನ ಸ್ವಂತ ಕಿವಿಗೆ ಬರುವುದು ಕಡಿಮೆ. ಜೊತೆಗೆ ತಲೆಬುರುಡೆಯ ಮೂಲಕ ಬರುವ ದನಿ ಒಳಗಿನಿಂದ ಎಲ್ಲವನ್ನೂ ಮಂದ್ರವಾಗಿ ತೋರಿಸುತ್ತದೆ. ನಮ್ಮ ಧ್ವನಿಯನ್ನು ಮೊದಲ ಸಲ ರೆಕಾರ್ಡಿಂಗ್‌ನಲ್ಲಿ ಕೇಳಿದಾಗ ಅದು ಬೇರೆಯವರದ್ದೆನಿಸುವುದು ಇದರಿಂದಲೇ. ಮೇಲಾಗಿ ಸುತ್ತ ಗದ್ದಲವಿದ್ದರೆ ಮನುಷ್ಯ ತನಗರಿವಿಲ್ಲದೆಯೇ ಧ್ವನಿ ಏರಿಸುತ್ತಾನೆ. ಫ್ರಾನ್ಸಿನ ವೈದ್ಯ ಎತಿಯೆನ್ ಲೊಂಬಾರ್ 1911ರಲ್ಲಿ ದಾಖಲಿಸಿದ ಈ ಪ್ರವೃತ್ತಿಗೆ ವಾದ್ಯವೃಂದದ ಎದುರು ಸೋತ ಗಾಯಕನ ಕಂಠ ಒಂದೆರಡು ಋತುಗಳಲ್ಲೇ ಸವೆದುಹೋಗಬಹುದು. ಬಯಲಿನ ಹಾಡುಗಾರ್ತಿಗೆ ದನಿ ಮರಳಿ ಬರುವುದಿಲ್ಲ, ಆಪೆರಾ ಗಾಯಕನಿಗೆ ಮರಳಿ ಬಂದರೂ ನಂಬುವಂತಿಲ್ಲ. ಇಬ್ಬರಿಗೂ ಕಿವಿ ಕೈಕೊಟ್ಟಿದೆ.

ಮಂಗೋಲರ ಇನ್ನೊಂದು ಪ್ರಸಿದ್ಧ ಗಾಯನವಾದ ‘ಖೂಮಿ’ಯನ್ನು, ಒಂದೇ ಗಂಟಲಿನಿಂದ ಒಮ್ಮೆಗೇ ಎರಡು ಸ್ವರ ಹೊರಡಿಸುವ ಕಲೆಯನ್ನು, ಇಲ್ಲಿ ಬಿಡುವಂತಿಲ್ಲ. ಮಂಗೋಲಿಯಾದ ಖೂಮಿ 2010ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಇದರ ಒಡಹುಟ್ಟಾದ, ನೆರೆಯ ತುವಾದ ಗಾಯನವನ್ನು ಅಲ್ಲಿನ ಹೂನ್-ಹೂರ್-ತು ತಂಡದ ಗಾಯಕರ ನೆರವಿನಿಂದ ಅಧ್ಯಯನ ಮಾಡಿ 2020ರಲ್ಲಿ ಪ್ರಕಟಿಸಿದ ಸಂಶೋಧಕರು, ಗಾಯಕ ನಾಲಿಗೆಯನ್ನು ಕೂದಲೆಳೆಯಷ್ಟು ಹೊಂದಿಸಿ ಎರಡು ಅನುರಣನಗಳನ್ನು ಒಂದರೊಳಗೊಂದು ಬೆಸೆಯುತ್ತಾನೆ, ಅದರಿಂದ ಒಂದೇ ಒಂದು ಮೇಲಿನ ಸಹಸ್ವರ ಸಿಳ್ಳಿನಂತೆ ಎದ್ದು ನಿಲ್ಲುತ್ತದೆ ಎಂದು ತೋರಿಸಿದರು. ಅನುರಣನಗಳನ್ನು ಒತ್ತಟ್ಟಿಗೆ ತರುವುದು ಆಪೆರಾದ ಉಪಾಯವೂ ಹೌದೆಂಬುದನ್ನು ಈಗಷ್ಟೇ ನೋಡಿದೆವು. ಎರಡೂ ಒಂದೇ ಅಲ್ಲ. ಖೂಮಿ ಕಲಿತವರೆಲ್ಲ ಬ್ಯಾರಿಟೋನ್‌ಗಳಾಗುತ್ತಾರೆ ಎಂದೂ ಇದರ ಅರ್ಥವಲ್ಲ. ಆದರೆ ಕಣ್ಣಿಗೆ ಕಾಣದ, ಬೆರಳಿಗೆ ಸಿಗದ ಒಂದು ಜಾಗವನ್ನು ಬರಿಯ ಒಳಗಿನ ಸ್ಪರ್ಶದಿಂದ ಹುಡುಕಿ ಹಿಡಿಯಬಹುದು ಎಂಬ ನಂಬಿಕೆ ಇರುವ ಸಮಾಜದಲ್ಲಿ ಬೆಳೆಯುವುದು ಸಣ್ಣ ಬಂಡವಾಳವಲ್ಲ.

ಇದೇ ಕುಟುಂಬದ ಇನ್ನೊಂದು ದನಿ ನಮ್ಮ ನೆಲದಲ್ಲೇ ಇದೆ. ಮೈಸೂರು ಜಿಲ್ಲೆಯ ಹುಣಸೂರು ಬಳಿಯ ಗುರುಪುರದಲ್ಲಿರುವ ಗ್ಯುಮೆ ತಾಂತ್ರಿಕ ಮಠದ ಟಿಬೆಟನ್ ಭಿಕ್ಷುಗಳು, ನಾಭಿಯಿಂದ ಎದ್ದು ಬಂದಂತೆ ಕೇಳುವ ಅತಿಮಂದ್ರದ ಮಂತ್ರಘೋಷಕ್ಕೆ ಹೆಸರಾದವರು. ಮಂಗೋಲರ ಬೌದ್ಧಧರ್ಮ ಟಿಬೆಟ್ಟಿನಿಂದ ಹೋದದ್ದು. ಮುಂಡಗೋಡಿನ ಮಠಗಳಲ್ಲಿ ಇವತ್ತಿಗೂ ಮಂಗೋಲಿಯಾದ ಭಿಕ್ಷುಗಳು ಓದುತ್ತಿದ್ದಾರೆ. ಈ ಬಗೆಯ ಘೋಷದ ಬಗ್ಗೆ ಧರ್ಮಗಳ ವಿದ್ವಾಂಸ ಹ್ಯೂಸ್ಟನ್ ಸ್ಮಿತ್ ಇಬ್ಬರು ಧ್ವನಿವಿಜ್ಞಾನಿಗಳ ಜೊತೆಗೂಡಿ 1967ರಲ್ಲೇ ಪ್ರಬಂಧ ಪ್ರಕಟಿಸಿದ್ದರು. ಧ್ವನಿಯ ವಿಜ್ಞಾನ ಆಪೆರಾದಾಚೆಗೆ ಕಿವಿ ತೆರೆದ ಹೊತ್ತಿನ ಒಂದು ಮುಖ್ಯ ಬರಹ ಅದು.

ಈಗ ಮಿದುಳಿಗೆ ಬರೋಣ. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಡಿರ್ಕ್ ಮ್ಯೂರ್ಬೆ ಮತ್ತು ಸಂಗಡಿಗರು, ಸುಂಡ್‌ಬೆರಿಯೂ ಸೇರಿ, ಒಂದು ಸರಳವಾದ ಪರೀಕ್ಷೆ ಮಾಡಿದರು. ಹಾಡುಗಾರಿಕೆಯ ವೃತ್ತಿಶಿಕ್ಷಣಕ್ಕೆ ಸೇರಿದ ವಿದ್ಯಾರ್ಥಿಗಳ ಕಿವಿಗೆ ಜೋರು ಗದ್ದಲ ತುಂಬಿ, ತಮ್ಮ ದನಿ ತಮಗೆ ಕೇಳದಂತೆ ಮಾಡಿ, ಸ್ವರಗಳನ್ನು ಹಾಡಿಸಿದರು. ಮೂರು ವರ್ಷದ ತರಬೇತಿ ಮುಗಿದ ಮೇಲೆ ಅದೇ ಪರೀಕ್ಷೆಯನ್ನು ಮತ್ತೆ ಮಾಡಿದರು. ತರಬೇತಿಯಿಂದ ಎದ್ದುಕಾಣುವಂತೆ ಬಲಗೊಂಡದ್ದು ಕಿವಿಯ ಮೂಲಕ ತಿದ್ದಿಕೊಳ್ಳುವ ಶಕ್ತಿಯಲ್ಲ, ಮೈಯೊಳಗಿನ ಅರಿವಿನಿಂದ ಶ್ರುತಿ ಹಿಡಿಯುವ ಶಕ್ತಿ. ಸಂಗೀತ ಶಾಲೆಗೆ ಹೋದರೆ ಕಿವಿ ಪಳಗುತ್ತದೆ ಎಂದು ನಾವು ಹೇಳುತ್ತೇವೆ; ಪಳಗಿದ್ದು ಗಂಟಲಿನ ಸ್ಪರ್ಶಜ್ಞಾನವಾಗಿತ್ತು.

2010ರಲ್ಲಿ ಟ್ಯೂಬಿಂಗೆನ್‌ನ ಬೋರಿಸ್ ಕ್ಲೇಬರ್ ಮತ್ತು ಸಹೋದ್ಯೋಗಿಗಳು ಇದನ್ನು ಮಿದುಳಿನ ಚಟುವಟಿಕೆಯನ್ನು ಚಿತ್ರಿಸುವ ಎಫ್‌ಎಂಆರ್‌ಐ ಯಂತ್ರದೊಳಗೆ ಒಯ್ದರು. 10 ಮಂದಿ ಆಪೆರಾ ಗಾಯಕರು, 21 ಮಂದಿ ಗಾಯನ ವಿದ್ಯಾರ್ಥಿಗಳು, 18 ಮಂದಿ ತರಬೇತಿಯಿಲ್ಲದವರು, ಒಟ್ಟು 49 ಜನ, ಕೊಳವೆಯಂಥ ಯಂತ್ರದೊಳಗೆ ಅಂಗಾತ ಮಲಗಿ ‘ಕಾರೋ ಮಿಯೋ ಬೆನ್’ ಎಂಬ ಇಟಾಲಿಯನ್ ಹಾಡಿನ ಸಾಲುಗಳನ್ನು ಹಾಡಿದರು. ಮಿದುಳಿನ ಎರಡೂ ಪಕ್ಕಗಳಲ್ಲಿ, ನೆತ್ತಿಯಿಂದ ಕಿವಿಯ ಕಡೆಗೆ ಇಳಿಯುವ ಒಂದು ಪಟ್ಟಿಯಿದೆ; ಇಡೀ ಮೈಯ ಸ್ಪರ್ಶ ಅಲ್ಲಿ ನಕಾಶೆಯ ಹಾಗೆ ಹರಡಿಕೊಂಡಿದೆ. ಆ ನಕಾಶೆಯಲ್ಲಿ ತುಟಿ, ನಾಲಿಗೆ, ಧ್ವನಿಪೆಟ್ಟಿಗೆಗಳಿಗೆ ಮೀಸಲಾದ ಭಾಗ ಆಪೆರಾ ಗಾಯಕರಲ್ಲಿ ಹೆಚ್ಚು ಚಟುವಟಿಕೆಯಿಂದಿತ್ತು. ಒಬ್ಬೊಬ್ಬರು ಅದುವರೆಗೆ ಮಾಡಿದ ಅಭ್ಯಾಸ ಎಷ್ಟು ಹೆಚ್ಚೋ, ಈ ಬಗೆಯ ಚಟುವಟಿಕೆಯೂ ಅಷ್ಟು ಹೆಚ್ಚಿತ್ತು. ಚಲನೆಗಳನ್ನು ರೂಢಿಯಾಗಿಸುವ ಒಳಭಾಗಗಳೂ ಕಿರುಮಿದುಳೂ ಅದರೊಂದಿಗೆ ಕೈಜೋಡಿಸಿದ್ದವು. ಹುಟ್ಟಿನ ಗಂಟಲೇ ಎಲ್ಲವೂ ಆಗಿದ್ದರೆ, ಲೆಕ್ಕ ಅಭ್ಯಾಸದ ಗಂಟೆಗಳ ಜೊತೆ ಹೀಗೆ ಹೊಂದಿಕೊಳ್ಳಬೇಕಾಗಿರಲಿಲ್ಲ.

ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ಉಳಿದಿರುವುದು ಮೂರನೆಯ ಪ್ರಯೋಗ. ಕ್ಲೇಬರ್ ಅವರೇ ಮಾಂಟ್ರಿಯಲ್‌ನ ರಾಬರ್ಟ್ ಜಟೋರೆ ಮೊದಲಾದವರ ಜೊತೆ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನ ಅದು. 17 ಮಂದಿ ಪಳಗಿದ ಗಾಯಕರು, 12 ಮಂದಿ ಹಾಡುಗಾರರಲ್ಲದವರು. ಮೊದಲು ಎಲ್ಲರೂ ಕೇಳಿಸಿದ ಸ್ವರಾಂತರಗಳನ್ನು ಎಂದಿನಂತೆ ಹಾಡಿದರು. ಅವರ ಧ್ವನಿತಂತುಗಳ ಮೇಲ್ಪದರವನ್ನು ಔಷಧದಿಂದ ಮರಗಟ್ಟಿಸಿಯೂ ಹಾಡಿಸಲಾಯಿತು. ಹಲ್ಲಿನ ಡಾಕ್ಟರ ಬಳಿ ಹೋಗಿ ಬಂದ ದಿನ ತುಟಿ ಎಲ್ಲಿದೆಯೆಂದೇ ತಿಳಿಯದೆ ನೀರು ಕುಡಿಯಲು ತಡಬಡಾಯಿಸುವುದನ್ನು ನೆನಪಿಸಿಕೊಳ್ಳಿ. ಆ ಮರಗಟ್ಟುವಿಕೆ ತುಟಿಗಲ್ಲ, ಸ್ವರ ಹುಟ್ಟುವ ಜಾಗಕ್ಕೇ ಆಗಿದೆ ಎಂದುಕೊಳ್ಳಿ. ಗಾಯಕನಿಗೆ ಇದಕ್ಕಿಂತ ಭಯದ ಸ್ಥಿತಿ ಇನ್ನೊಂದಿರಲಾರದು. ಫಲಿತಾಂಶದಲ್ಲಿ ಎರಡೂ ಗುಂಪಿನವರ ಶ್ರುತಿ ಏರುಪೇರಾಯಿತು, ಆದರೆ ಗಾಯಕರದ್ದು ಕಡಿಮೆ. ಅದೇ ಜನರ ಕಿವಿಗೆ ಗದ್ದಲ ತುಂಬಿ ನಡೆಸಿದ ಜೋಡಿ ಪ್ರಯೋಗದ ವರದಿ 2017ರಲ್ಲಿ ಬಂತು. ಅಲ್ಲಿ ಗಾಯಕರ ಶ್ರುತಿ ಕೆಡಲೇ ಇಲ್ಲ, ಹಾಡುಗಾರರಲ್ಲದವರದ್ದು ಕೆಟ್ಟಿತು.

ಎರಡೂ ಪ್ರಯೋಗಗಳಲ್ಲಿ ಗಾಯಕರನ್ನು ಉಳಿದವರಿಂದ ಮುಖ್ಯವಾಗಿ ಬೇರ್ಪಡಿಸಿದ್ದು ಮಿದುಳಿನ ಒಂದೇ ಜಾಗ, ಬಲಗಡೆಯ ಇನ್ಸುಲಾದ ಮುಂಭಾಗ. ಇನ್ಸುಲಾ ಎಂಬುದು ಮಿದುಳಿನ ಹೊರಪದರದ ಮಡಿಕೆಯೊಳಗೆ ಅಡಗಿಕೊಂಡಿರುವ ತುಣುಕು. ಹೃದಯದ ಬಡಿತ, ಉಸಿರು, ಹಸಿವು ಮುಂತಾದ ಒಳಗಿನ ಅರಿವುಗಳು ಬಂದು ಸೇರುವ ಠಾವು ಅದು. ಕಿವಿ ಮುಚ್ಚಿದಾಗ ಗಾಯಕರಲ್ಲಿ ಅದರ ಚಟುವಟಿಕೆ ಏರಿತು, ಉಳಿದವರಲ್ಲಿ ಇಳಿಯಿತು. ಗಂಟಲು ಮರಗಟ್ಟಿದಾಗ ಗಾಯಕರಲ್ಲಿ ಇಳಿಯಿತು, ಉಳಿದವರಲ್ಲಿ ಏರಿತು. ನಾನು ಇದನ್ನು ಹೀಗೆ ಓದುತ್ತೇನೆ: ಪಳಗಿದ ಗಾಯಕನ ಮಿದುಳು ಕಿವಿಯ ಸುದ್ದಿಯನ್ನೂ ಗಂಟಲಿನ ಸುದ್ದಿಯನ್ನೂ ತೂಗಿ ನೋಡಿ, ಈ ಹೊತ್ತಿನಲ್ಲಿ ಯಾವುದು ನಂಬಲರ್ಹವೋ ಅದಕ್ಕೆ ಹೆಚ್ಚು ಬೆಲೆ ಕೊಡಲು ಕಲಿತಿರುತ್ತದೆ. ಗಮನಿಸಬೇಕಾದ ಇನ್ನೊಂದು ಅಂಶವೆಂದರೆ, ಮರಗಟ್ಟಿದ ಸ್ಥಿತಿಯಲ್ಲೂ ಯಾವ ಗಾಯಕರ ಬಲ ಇನ್ಸುಲಾ ಹೆಚ್ಚು ಚಟುವಟಿಕೆಯಿಂದಿತ್ತೋ ಅವರೇ ಶ್ರುತಿಯಿಂದ ಹೆಚ್ಚು ಜಾರಿದ್ದರು. ಸುದ್ದಿಯೇ ಬರದ ತಂತಿಯನ್ನು ಆಲಿಸುತ್ತಾ ಕೂತರೆ ದಾರಿ ತಪ್ಪುತ್ತದೆ. ಅದನ್ನು ಬದಿಗಿಡುವುದೂ ಕಲಿಕೆಯ ಭಾಗ.

ಈ ಅಧ್ಯಯನಗಳನ್ನು ನಮ್ಮ ಪ್ರಕರಣಕ್ಕೆ ಹಚ್ಚುವಾಗ ಎಚ್ಚರ ಬೇಕು. ಯಂತ್ರದೊಳಗೆ ಹಾಡಿದವರು ಪಾಶ್ಚಾತ್ಯ ಪದ್ಧತಿಯಲ್ಲಿ ಕಲಿತವರು, ಅವರ ಸಂಖ್ಯೆ ಸಣ್ಣದು, ತಲೆ ಅಲ್ಲಾಡಿಸದೆ ಮಲಗಿ ಹಾಡುವುದು ರಂಗದ ಮೇಲೆ ನಿಂತು ಹಾಡುವುದಕ್ಕೆ ಸಮವಲ್ಲ. ಅಮರ್ತುವ್‌ಶಿನ್ ಅಥವಾ ಅರಿಯುನ್‌ಬಾತರ್ ಅವರ ಮಿದುಳಿನಲ್ಲಿ ಹೀಗೆಯೇ ಆಗುತ್ತದೆ ಎಂದು ಈ ಅಂಕಿಗಳನ್ನು ಹಿಡಿದು ಹೇಳಿದರೆ ಅದು ವಿಜ್ಞಾನವಲ್ಲ. ಇದಕ್ಕಿಂತ ದೊಡ್ಡ ಕೊರತೆ ಅಳತೆಗೋಲಿನದ್ದು. ಈ ಪ್ರಯೋಗಗಳು ಅಳೆದದ್ದು ಶ್ರುತಿಯನ್ನು. ಕಾರ್ಡಿಫ್‌ನ ಕೇಳುಗರು ಮತ ಹಾಕಿದ್ದು ಬರಿಯ ಶ್ರುತಿಶುದ್ಧಿಗಲ್ಲ. ಹಾಡು ಕೇಳುವವರಲ್ಲಿ ಏನು ಮಾಡುತ್ತದೆ ಎಂಬುದಕ್ಕೆ ಮಂಗೋಲಿಯಾದಲ್ಲೇ ಒಂದು ಕಠಿಣವಾದ ಪರೀಕ್ಷೆಯಿದೆ. ಗೋಬಿ ಮರುಭೂಮಿಯಲ್ಲಿ ತಾಯಿ ಒಂಟೆ ಕೆಲವೊಮ್ಮೆ ಹುಟ್ಟಿದ ಮರಿಯನ್ನು ಹತ್ತಿರ ಸೇರಿಸುವುದಿಲ್ಲ, ಹಾಲು ಕೊಡುವುದಿಲ್ಲ. ಆಗ ತಾಯಿಯನ್ನು ಮರಿಯ ಪಕ್ಕದಲ್ಲಿ ಕಟ್ಟಿ, ಕುದುರೆತಲೆಯ ಪಿಟೀಲಾದ ಮೊರಿನ್ ಖೂರ್ ಅಥವಾ ಕೊಳಲಿನ ಜೊತೆ, ‘ಖೂಸ್, ಖೂಸ್’ ಎಂದು ಒಂದೇ ಏರಿಳಿತದಲ್ಲಿ ಹಾಡುತ್ತಾ ಹೋಗುತ್ತಾರೆ. ಒಂಟೆ ಒದ್ದರೆ, ಉಗುಳಿದರೆ, ಕಿವಿ ನಿಮಿರಿಸಿದರೆ ಅದಕ್ಕೆ ತಕ್ಕಂತೆ ಹಾಡುವವರು ಧಾಟಿಯನ್ನು ಬದಲಿಸುತ್ತಾರೆ. ಮರಿ ಕೆಚ್ಚಲಿಗೆ ಬಾಯಿಟ್ಟಾಗಲೇ ಹಾಡು ಸರಿಯಾಯಿತೆಂದು ಅರ್ಥ. ಯುನೆಸ್ಕೊ 2015ರಲ್ಲಿ, ಅಂದರೆ ಆ ಇಬ್ಬರು ಗಾಯಕರು ಗೆದ್ದ ವರ್ಷವೇ, ಈ ಆಚರಣೆಯನ್ನು ತುರ್ತಾಗಿ ಉಳಿಸಬೇಕಾದವುಗಳ ಪಟ್ಟಿಗೆ ಸೇರಿಸಿತು. ಹಾಡುತ್ತಲೇ ಕೇಳುಗರನ್ನು ಓದುವ ಈ ವಿದ್ಯೆಯನ್ನು ಅಳೆಯಲು ಶ್ರುತಿಯ ಮೀಟರ್ ಸಾಲದು.

ಹಾಡುವವರೇ ಸಂಶೋಧಕರಾಗಬೇಕೆಂದು ನಾನು ಬಲವಾಗಿ ನಂಬುವುದು ಈ ಕಾರಣಕ್ಕೆ. ಅಂಥವರು ಇಲ್ಲದಿಲ್ಲ. ಸುಂಡ್‌ಬೆರಿ ಸ್ವತಃ ಹಾಡುವವರು. ಸೊಪ್ರಾನೊ ಗಾಯಕಿ ಇಂದ್ರೆ ವಿಸ್ಕೊಂಟಾಸ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಶಾಖೆಯಲ್ಲಿ ಅರಿವಿನ ನರವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಗಾಯನದ ಸ್ನಾತಕೋತ್ತರ ಪದವಿಯನ್ನೂ ಪಡೆದು, ಎರಡನ್ನೂ ಒಟ್ಟಿಗೆ ನಡೆಸಿಕೊಂಡು ಬಂದಿದ್ದಾರೆ. ಗಾಯಕ ಸಂಶೋಧಕನಾದಾಗ ಸಿಗುವ ದೊಡ್ಡ ಲಾಭ ಉತ್ತರಗಳಲ್ಲಲ್ಲ, ಪ್ರಶ್ನೆಗಳಲ್ಲಿ. ಹೊರಗಿನ ವಿಜ್ಞಾನಿ ‘ಶ್ರುತಿ ಎಷ್ಟು ಜಾರಿತು’ ಎಂದು ಕೇಳುತ್ತಾನೆ. ಹಾಡುವವನಿಗೆ ಗೊತ್ತು, ಶ್ರುತಿ ಜಾರುವುದಕ್ಕೆ ಅರೆಕ್ಷಣ ಮೊದಲೇ ನಾಲಿಗೆಯ ಬುಡದಲ್ಲೋ ಪಕ್ಕೆಲುಬಿನ ಕೆಳಗೋ ಏನೋ ಬಿಗಿಯುತ್ತದೆ. ನೋಡಬೇಕಾದದ್ದು ಆ ಅರೆಕ್ಷಣವನ್ನು. ಅಪಾಯವೂ ಇಲ್ಲೇ ಇದೆ. ತನ್ನ ಗುರು ಹೇಳಿದ ‘ದನಿಯನ್ನು ಹುಬ್ಬುಗಳ ನಡುವೆ ಇಡು’ ಎಂಬಂಥ ಮಾತನ್ನು ಅಂಗರಚನೆಯ ಸತ್ಯವೆಂದೇ ನಂಬಿ ಅದಕ್ಕೆ ಪುರಾವೆ ಹುಡುಕಲು ಹೊರಟರೆ ಪ್ರಯೋಗ ಮೊದಲೇ ಸೋತಿರುತ್ತದೆ. ಹುಬ್ಬಿನ ನಡುವೆ ದನಿ ಹುಟ್ಟುವುದಿಲ್ಲ, ಅಲ್ಲಿ ಅನಿಸುವುದು ಕಂಪನ. ಆದರೆ ಕ್ಲೇಬರ್ ಅವರ ಫಲಿತಾಂಶದ ಬೆಳಕಿನಲ್ಲಿ ನೋಡಿದರೆ ಆ ಅನಿಸಿಕೆ ತಳ್ಳಿಹಾಕುವಂಥದ್ದೂ ಅಲ್ಲ. ಕಿವಿ ಕೈಕೊಟ್ಟಾಗ ಗಾಯಕ ಊರುಗೋಲಾಗಿ ಹಿಡಿಯುವುದು ಅದನ್ನೇ.

ದೀರ್ಘಗೀತೆಯನ್ನೂ ಇಟಲಿಯ ಆಪೆರಾ ಸಂಯೋಜಕ ವೆರ್ಡಿಯನ್ನೂ ಒಂದೇ ಗಂಟಲಿನಲ್ಲಿ ಬಲ್ಲ ಮಂಗೋಲಿಯಾದ ಗಾಯಕರೊಬ್ಬರು ಪ್ರಯೋಗಾಲಯಕ್ಕೆ ಬಂದರೆ ಯಾವ ಪ್ರಶ್ನೆ ತರಬಹುದೆಂದು ನಾನು ಬಹಳ ಸಲ ಯೋಚಿಸಿದ್ದೇನೆ. ಅಮರ್ತುವ್‌ಶಿನ್ ವೆರ್ಡಿಯ ಪಾತ್ರಗಳಿಗೆ ಹೆಸರಾದವರು. 2022ರಲ್ಲಿ ಅವರು ಮಿಲಾನಿನ ಲಾ ಸ್ಕಾಲಾ ರಂಗಮಂದಿರದಲ್ಲಿ ರಿಗೊಲೆತ್ತೊ ಆಗಿ ಹಾಡಿದರು. ವೆರೋನಾದ ರೋಮನ್ ಕಾಲದ ಬಯಲು ರಂಗಮಂಟಪದಲ್ಲೂ ಹಾಡಿದ್ದಾರೆ. 1913ರಿಂದ ಆಪೆರಾ ನಡೆಯುತ್ತಿರುವ ಆ ಜಾಗಕ್ಕೆ ಚಾವಣಿಯಿಲ್ಲ, ರಾತ್ರಿಯ ಆಕಾಶವಷ್ಟೇ. ಅಲ್ಲಿ ಹಾಡುವ ಬ್ಯಾರಿಟೋನ್‌ಗೆ ಎದುರಾಗುವುದು ಅರ್ಧ ಆಪೆರಾದ, ಅರ್ಧ ಹುಲ್ಲುಬಯಲಿನ ಸಮಸ್ಯೆ.

ಬ್ಯಾರಿಟೋನ್ ದನಿಯಲ್ಲಿ ಮಧ್ಯದಿಂದ ಮೇಲಕ್ಕೆ ದಾಟುವ ಒಂದು ಸಂಧಿಯಿದೆ, ಸುಮಾರು 330 ಹರ್ಟ್ಸ್ ಆಸುಪಾಸಿನಲ್ಲಿ. ಇಟಾಲಿಯನ್ ಗುರುಗಳು ಅದನ್ನು ‘ಪಸ್ಸಾಜ್ಜೊ’ ಎನ್ನುತ್ತಾರೆ. ಅಲ್ಲಿ ಧ್ವನಿತಂತುಗಳನ್ನು ದಪ್ಪಗಾಗಿಸುವ ಸ್ನಾಯುವಿನಿಂದ ಎಳೆದು ತೆಳುವಾಗಿಸುವ ಸ್ನಾಯುವಿಗೆ ಹೊರೆ ವರ್ಗಾವಣೆಯಾಗಬೇಕು. ಆಪೆರಾ ಕಲಿಯುವವರು ಆ ಸೇತುವೆಯನ್ನು ಕೇಳುಗರಿಗೆ ಗೊತ್ತಾಗದಂತೆ ದಾಟಲು ವರ್ಷಗಟ್ಟಲೆ ದುಡಿಯುತ್ತಾರೆ. ದೀರ್ಘಗೀತೆಯವರು ಅಂಥದ್ದೇ ಸಂಧಿಯಲ್ಲಿ ಬೇಕೆಂದೇ ನಿಂತು, ಹಿಂದೆ ಮುಂದೆ ಜಿಗಿದು, ಅದನ್ನೇ ನುಗಲಾ ಆಗಿಸಿ ಹಾಡುತ್ತಾರೆ. ಒಬ್ಬರು ಮುಚ್ಚಿಡುವುದನ್ನು ಇನ್ನೊಬ್ಬರು ತೆರೆದಿಟ್ಟು ಅಲಂಕರಿಸುತ್ತಾರೆ, ಆದರೆ ಎರಡಕ್ಕೂ ಆ ಕ್ಷಣದ ಒಳಸ್ಪರ್ಶ ಕೈವಶವಾಗಿರಬೇಕು. ಕಿವಿಗೆ ಗದ್ದಲ ತುಂಬಿ, ಬಳಿಕ ಗಂಟಲನ್ನು ಮರಗಟ್ಟಿಸಿ, ಇಬ್ಬರನ್ನೂ ಸುಲಭದ ಸ್ವರಾಂತರಗಳಲ್ಲಲ್ಲ, ಈ ಸಂಧಿಯ ಮೇಲೆಯೇ ಹಾಡಿಸಿ ಬಲ ಇನ್ಸುಲಾವನ್ನು ನೋಡಬೇಕು. ದೀರ್ಘಗೀತೆಯವರ ಶ್ರುತಿ ಗದ್ದಲದಲ್ಲಿ ಆಪೆರಾ ಗಾಯಕರಷ್ಟೇ ನಿಂತು, ಮರಗಟ್ಟಿದಾಗ ಅವರಿಗಿಂತ ಹೆಚ್ಚು ಅಲುಗಿದರೆ, ಬಯಲಿನ ಹಾಡು ಕಿವಿಗಿಂತ ಗಂಟಲನ್ನೇ ನೆಚ್ಚಿಕೊಂಡದ್ದು ಎಂಬ ನನ್ನ ಊಹೆಗೆ ಆಧಾರ ಸಿಗುತ್ತದೆ. ಗದ್ದಲದಲ್ಲೇ ಅದು ಕೆಟ್ಟರೆ ನನ್ನ ಊಹೆ ತಪ್ಪು, ಮತ್ತು ಮರಳಿ ಬಾರದ ದನಿಯನ್ನೂ ಆ ಕಿವಿಗಳು ಹೇಗೆ ಹಿಡಿಯುತ್ತಿದ್ದವು ಎಂಬುದನ್ನು ಮೊದಲಿನಿಂದ ಹುಡುಕಬೇಕಾಗುತ್ತದೆ.